ಮೈಕ್ರೆಸ್: ಫೆರೈಟ್ ಬೆಳೆಸುವುದು ಅದು, ಬೀಜ ಬಿತ್ತುವುದು ನೀವು

ಉಕ್ಕನ್ನು 900 ಡಿಗ್ರಿ ಸೆಲ್ಸಿಯಸ್‌ನಿಂದ ತಣಿಸುವಾಗ ಆಸ್ಟೆನೈಟ್ (ಉಕ್ಕು ಬಿಸಿಯಲ್ಲಿ ತಳೆಯುವ ಸ್ಫಟಿಕ ರೂಪ) ಗ್ರೇನುಗಳ, ಅಂದರೆ ಸ್ಫಟಿಕದ ಕಣಗಳ, ಅಂಚಿನಲ್ಲಿ ಫೆರೈಟ್ (ಕಾರ್ಬನ್ ಹೆಚ್ಚು ಹಿಡಿಸದ, ತಣಿದಾಗಿನ ರೂಪ) ಹುಟ್ಟುತ್ತದೆ. ಕಾರ್ಬನನ್ನು ಎದುರಿಗೆ ತಳ್ಳಿಕೊಂಡು ಒಳಕ್ಕೆ ಬೆಳೆಯುತ್ತದೆ. ಇದನ್ನು ಗ್ರೇನು ಗ್ರೇನಾಗಿ ಲೆಕ್ಕ ಹಾಕಿ ಚಿತ್ರ ಬಿಡಿಸಿಕೊಡುವ ಸಾಫ್ಟ್‌ವೇರುಗಳಲ್ಲಿ ಮೈಕ್ರೆಸ್ ಪಳಗಿದ ಕೈ. ತಯಾರಿ ಜರ್ಮನಿಯ ಆಖೆನ್ ನಗರದ ಆಕ್ಸೆಸ್ ಸಂಸ್ಥೆಯದು. ಇಂಗೊ ಸ್ಟೈನ್‌ಬಾಖ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಮಲ್ಟಿ-ಫೇಸ್-ಫೀಲ್ಡ್ ಮಾದರಿ (ಆಸ್ಟೆನೈಟ್, ಫೆರೈಟ್ ಇಂಥ ಒಂದೊಂದು ರೂಪವೂ ಒಂದು ಫೇಸ್) ಇದರ ಬುನಾದಿ. ಯಾವ ತಾಪಮಾನದಲ್ಲಿ ಯಾವ ಫೇಸ್ ಎಷ್ಟು ಎಂದು ಹೇಳುವ ಥರ್ಮೊ-ಕ್ಯಾಲ್ಕ್ ಡೇಟಾಬೇಸಿಗೆ ನೇರವಾಗಿ ಕೊಂಡಿ ಹಾಕುವ ವಿಧಾನವನ್ನು ಅದೇ ಬಳಗ 2006ರಲ್ಲಿ ಸಿದ್ಧಾಂತವಾಗಿ ಬರೆದಿಟ್ಟಿತು. ಉಕ್ಕು, ನಿಕಲ್ ಸೂಪರ್‌ಅಲಾಯ್, ಅಲ್ಯೂಮಿನಿಯಂ ಎಲ್ಲಕ್ಕೂ ಇದನ್ನು ಬಳಸುತ್ತಾರೆ. ಈ ವಿಮರ್ಶೆ ಉಕ್ಕಿನಲ್ಲಿ ಆಸ್ಟೆನೈಟ್ ಫೆರೈಟ್ ಆಗುವ ಒಂದು ಕೆಲಸಕ್ಕೆ ಮಾತ್ರ ಸೀಮಿತ.

ತೀರ್ಪು ಮೊದಲೇ ಹೇಳಿಬಿಡೋಣ. ಕಾರ್ಬನ್ ಹರಿದಾಟ, ಗ್ರೇನುಗಳ ಆಕಾರ, ಒಂದರ ಕಾರ್ಬನ್ ರಾಶಿ ಇನ್ನೊಂದಕ್ಕೆ ತಾಗಿ ಬೆಳವಣಿಗೆ ಕುಂಟುವುದು, ಇವುಗಳಲ್ಲಿ ಮೈಕ್ರೆಸ್‌ಗೆ ಐದಕ್ಕೆ ಐದು ಕೊಡಬಹುದು. ಫೆರೈಟ್ ಯಾವಾಗ, ಎಲ್ಲಿ, ಎಷ್ಟು ಹುಟ್ಟುತ್ತದೆ ಎಂಬುದಕ್ಕೆ ಒಂದು ಅಂಕವೂ ಇಲ್ಲ, ಯಾಕೆಂದರೆ ಆ ಪ್ರಶ್ನೆಗೆ ಅದು ಉತ್ತರಿಸುವುದೇ ಇಲ್ಲ, ನಿಮ್ಮನ್ನೇ ಕೇಳುತ್ತದೆ. ಡೈಲಾಟೊಮೀಟರಿನ (ತಣಿಯುವಾಗ ಉಕ್ಕು ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ಉಪಕರಣ) ಒಂದು ಕರ್ವ್, ಗ್ರೇನ್ ಸೈಜ್ ಅಳೆದ ಎರಡು ಮೈಕ್ರೋಗ್ರಾಫ್ (ಸೂಕ್ಷ್ಮದರ್ಶಕದ ಚಿತ್ರ) ಕೈಯಲ್ಲಿ ಇಲ್ಲದವರು ಇದನ್ನು ಕೊಂಡರೆ ಸಿಗುವುದು ಬಣ್ಣದ ಚಿತ್ರ ಮಾತ್ರ.

ಮೊದಲ ಮುಜುಗರ ಇನ್‌ಪುಟ್ ಫೈಲಿನದು. ಮೌಸ್ ಒತ್ತಿ ಕೆಲಸ ಮಾಡುವ ರೂಢಿ ಇರುವವರಿಗೆ ಇದು ಕಬ್ಬಿಣದ ಕಡಲೆ. ಡ್ರೈವಿಂಗ್ ಫೈಲ್ ಎನ್ನುವ ಸಾದಾ ಟೆಕ್ಸ್ಟ್ ಫೈಲಿನಲ್ಲಿ ಗ್ರಿಡ್, ಫೇಸುಗಳು, ಗ್ರೇನುಗಳು, ನ್ಯೂಕ್ಲಿಯೇಶನ್ (ಹೊಸ ಗ್ರೇನು ಹುಟ್ಟುವುದು), ಫೇಸ್‌ಗಳ ನಡುವಣ ಅಂಚಿನ ಗುಣ, ಕಾನ್ಸಂಟ್ರೇಶನ್, ಚಿತ್ರದ ಹೊರಗೋಡೆಯ ಷರತ್ತು, ತಾಪಮಾನ ಹೀಗೆ ಸರದಿಯಲ್ಲಿ ಉತ್ತರ ಬರೆಯುತ್ತಾ ಹೋಗಬೇಕು. ಪ್ರೋಗ್ರಾಂ ಅದನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ನಡುವೆ ಒಂದು ಸಾಲು ಬಿಟ್ಟುಹೋದರೆ ಮುಂದಿನ ಉತ್ತರಗಳೆಲ್ಲ ಒಂದೊಂದು ಪ್ರಶ್ನೆ ಹಿಂದಕ್ಕೆ ಜರುಗುತ್ತವೆ. ಮೊಬಿಲಿಟಿಗೆಂದು (ಅಂಚು ಎಷ್ಟು ಸಲೀಸಾಗಿ ಓಡುತ್ತದೆ ಎಂಬ ಅಳತೆ) ಬರೆದ ಸಂಖ್ಯೆಯನ್ನು ಅಂಚಿನ ಶಕ್ತಿ ಎಂದು ಓದಿಕೊಂಡು ಅದು ತಕರಾರಿಲ್ಲದೆ ಓಡಿಬಿಡುವುದೂ ಉಂಟು. ಹೊಸ ಕೆಲಸಕ್ಕೆ ಖಾಲಿ ಫೈಲಿನಿಂದ ಹೊರಡಬೇಡಿ. ಜೊತೆಗೆ ಬರುವ ಉದಾಹರಣೆಗಳಲ್ಲಿ ಆಸ್ಟೆನೈಟ್-ಫೆರೈಟ್ ಎಂದಿರುವುದನ್ನು ನಕಲು ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ. ತಾನು ಓದಿಕೊಂಡದ್ದನ್ನು ಪ್ರಶ್ನೆಗಳ ಸಮೇತ ಪ್ರೋಗ್ರಾಂ ಬೇರೆ ಫೈಲಿಗೆ ಬರೆದಿಡುತ್ತದೆ. ಪ್ರತಿ ಸಲ ಅದನ್ನು ತೆರೆದು ನಿಮ್ಮ ಸಂಖ್ಯೆ ನಿಮ್ಮ ಪ್ರಶ್ನೆಯ ಮುಂದೆಯೇ ಕೂತಿದೆಯೇ ನೋಡುವುದು ಎರಡು ನಿಮಿಷದ ಕೆಲಸ.

ಎರಡನೆಯದು ಯೂನಿಟ್. ಗ್ರಿಡ್, ಗ್ರೇನಿನ ತ್ರಿಜ್ಯದಂಥ ಅಳತೆಗಳು ಮೈಕ್ರಾನಿನಲ್ಲಿ, ಅಂಚಿನ ಶಕ್ತಿ, ಮೊಬಿಲಿಟಿಯಂಥ ಗುಣಗಳು ಸೆಂಟಿಮೀಟರಿನ ಲೆಕ್ಕದಲ್ಲಿ. ಆಸ್ಟೆನೈಟ್-ಫೆರೈಟ್ ಅಂಚಿನ ಶಕ್ತಿ ಚದರ ಮೀಟರಿಗೆ 0.5 ಜೂಲ್ ಎಂದಿಟ್ಟುಕೊಂಡರೆ ಫೈಲಿನಲ್ಲಿ ಬರೆಯಬೇಕಾದದ್ದು 0.00005. ಮೊಬಿಲಿಟಿಯ ವಿಷಯದಲ್ಲಿ ಎಡವುವುದು ಇನ್ನೂ ಸುಲಭ. ಲೇಖನಗಳಲ್ಲಿ ಅದು ಒಂದು ಮೋಲಿಗೆ ಇಷ್ಟು ಜೂಲ್ ಎಂಬ ಲೆಕ್ಕದಲ್ಲಿರುತ್ತದೆ, ಮೈಕ್ರೆಸ್ ಕೇಳುವುದು ಘನ ಸೆಂಟಿಮೀಟರಿಗೆ ಇಷ್ಟು ಜೂಲ್ ಎಂಬ ಲೆಕ್ಕದಲ್ಲಿ. ನಡುವಿನ ಸೇತುವೆ ಉಕ್ಕಿನ ಮೋಲಾರ್ ವಾಲ್ಯೂಮ್, ಅಂದರೆ ಸುಮಾರು 7.1 ಘನ ಸೆಂಟಿಮೀಟರ್.

ಒಂದು ಕೈಲೆಕ್ಕ ಇಲ್ಲೇ ಮಾಡೋಣ. ಫೆರೈಟ್ ಅಂಚಿಗೆ ಬಹಳ ಮಂದಿ ಬಳಸುವ ಮೊಬಿಲಿಟಿಯ ಮುಂಗುಣಕ ಎಸ್‌ಐ ಯೂನಿಟ್ಟಿನಲ್ಲಿ 0.058, ಆಕ್ಟಿವೇಶನ್ ಎನರ್ಜಿ ಮೋಲಿಗೆ 140 ಕಿಲೋಜೂಲ್. 700 ಡಿಗ್ರಿಯಲ್ಲಿ, ಅಂದರೆ 973 ಕೆಲ್ವಿನ್‌ನಲ್ಲಿ, ಘಾತದ ಭಾಗ 3.0 × 10⁻⁸ ಬರುತ್ತದೆ. ಮೊಬಿಲಿಟಿ 1.8 × 10⁻⁹. ಡ್ರೈವಿಂಗ್ ಫೋರ್ಸ್ (ಅಂಚನ್ನು ಮುಂದಕ್ಕೆ ತಳ್ಳುವ ಶಕ್ತಿ) ಮೋಲಿಗೆ 100 ಜೂಲ್ ಇದ್ದರೆ ಅಂಚು ಸೆಕೆಂಡಿಗೆ 0.18 ಮೈಕ್ರಾನ್ ಓಡಬೇಕು. ಇದನ್ನೇ ಮೈಕ್ರೆಸ್ ಭಾಷೆಗೆ ತಂದರೆ ಮೊಬಿಲಿಟಿ 1.25 × 10⁻⁶, ಡ್ರೈವಿಂಗ್ ಫೋರ್ಸ್ ಘನ ಸೆಂಟಿಮೀಟರಿಗೆ 14 ಜೂಲ್. ಗುಣಿಸಿದರೆ ಮತ್ತೆ ಅದೇ 0.18 ಮೈಕ್ರಾನ್. ಕಾರ್ಬನ್ ಲೆಕ್ಕವನ್ನು ಬಂದ್ ಮಾಡಿ, ಒಂದೇ ಚಪ್ಪಟೆ ಅಂಚನ್ನು ಸ್ಥಿರ ಡ್ರೈವಿಂಗ್ ಫೋರ್ಸಿನಲ್ಲಿ ಓಡಿಸಿ, ಈ ವೇಗ ಬರುತ್ತದೆಯೇ ಎಂದು ಪರೀಕ್ಷಿಸಿ. ಹತ್ತು ಸಾವಿರ ಪಟ್ಟು ಹೆಚ್ಚು ಕಡಿಮೆ ಬಂದರೆ ತಪ್ಪು ಯೂನಿಟ್ಟಿನದೇ, ಬೇರೆಲ್ಲೂ ಹುಡುಕಬೇಡಿ.

ಇನ್ನು ಗ್ರಿಡ್. ಇಲ್ಲೇ ಮೈಕ್ರೆಸ್‌ನ ಶಕ್ತಿ, ಮಿತಿ ಎರಡೂ ಕಣ್ಣಿಗೆ ಬೀಳುವುದು. 100 ಮೈಕ್ರಾನ್ ಚೌಕಕ್ಕೆ 0.25 ಮೈಕ್ರಾನಿನ ಸೆಲ್ ಎಂದರೆ 400 × 400, ಅಂದರೆ 1,60,000 ಸೆಲ್. 20 ಮೈಕ್ರಾನ್ ಸರಾಸರಿಯ ಆಸ್ಟೆನೈಟ್ ಗ್ರೇನುಗಳು ಇದರಲ್ಲಿ ಮೂವತ್ತರ ಸುಮಾರಿಗೆ ಹಿಡಿಸುತ್ತವೆ. ಅವನ್ನು ವೊರೊನಾಯ್ ವಿಧಾನದಲ್ಲಿ (ಚೆದುರಿದ ಬಿಂದುಗಳ ಸುತ್ತ ಜಾಗ ಹಂಚುವುದು) ಪ್ರೋಗ್ರಾಂ ತಾನೇ ಹಾಕಿಕೊಡುತ್ತದೆ. ಅಂಚಿನ ದಪ್ಪಕ್ಕೆ ನಾಲ್ಕೈದು ಸೆಲ್ ಬೇಕು. ಅಂದರೆ ನಿಜದಲ್ಲಿ ಒಂದು ನ್ಯಾನೋಮೀಟರಿನ ಆಸುಪಾಸಿನ ಅಂಚು ಇಲ್ಲಿ ಒಂದು ಮೈಕ್ರಾನ್ ದಪ್ಪದ ಪಟ್ಟಿ. ಸಾವಿರ ಪಟ್ಟು ಹಿಗ್ಗಿಸಿಯೂ ಲೆಕ್ಕ ಕೆಡದಂತೆ ನೋಡಿಕೊಳ್ಳುವುದೇ ಫೇಸ್-ಫೀಲ್ಡ್ ವಿಧಾನದ ಜಾಣ್ಮೆ, ಮೈಕ್ರೆಸ್ ಅದನ್ನು ಚೆನ್ನಾಗಿಯೇ ಮಾಡುತ್ತದೆ. ಆಸೆಬಿದ್ದು ದಪ್ಪವನ್ನು ಎರಡೂವರೆ ಸೆಲ್ಲಿಗೆ ಇಳಿಸಿ, ಅದಕ್ಕೆಂದೇ ಇರುವ ತಿದ್ದುಪಡಿಯನ್ನೂ ಹಾಕದೆ ಬಿಟ್ಟರೆ ದುಂಡಗಿರಬೇಕಾದ ಗ್ರೇನುಗಳು ಚೌಕವಾಗುತ್ತವೆ, ಕೆಲವು ಅಂಚುಗಳು ಗ್ರಿಡ್ಡಿಗೆ ಸಿಕ್ಕಿಕೊಂಡು ನಿಂತೇಬಿಡುತ್ತವೆ.

ಸೆಲ್ ಸಣ್ಣದು ಮಾಡಿದರೆ ನಿಖರತೆ ಹೆಚ್ಚುತ್ತದೆ, ಸಮಯ ಎಷ್ಟು ತಿನ್ನುತ್ತದೆ ಎಂಬುದನ್ನೂ ನೋಡಬೇಕು. ಕಾರ್ಬನ್ ಆಸ್ಟೆನೈಟಿನಲ್ಲಿ 700 ಡಿಗ್ರಿಗೆ ಸುಮಾರು 2.6 × 10⁻¹³ ಚದರ ಮೀಟರ್ ಪ್ರತಿ ಸೆಕೆಂಡ್ ವೇಗದಲ್ಲಿ ಹರಡುತ್ತದೆ. ಫೆರೈಟಿನಲ್ಲಿ ಅದರ ಇನ್ನೂರು ಪಟ್ಟು ಹೆಚ್ಚು, ಹತ್ತಿರ ಹತ್ತಿರ 6 × 10⁻¹¹. ಎಕ್ಸ್‌ಪ್ಲಿಸಿಟ್ ಲೆಕ್ಕದಲ್ಲಿ (ಸಮಯವನ್ನು ಹೆಜ್ಜೆ ಹೆಜ್ಜೆಯಾಗಿ ಮುಂದಿಡುವುದು) ಟೈಮ್ ಸ್ಟೆಪ್ ಎಂದರೆ ಸೆಲ್ ಅಳತೆಯ ವರ್ಗವನ್ನು ಡಿಫ್ಯೂಶನ್ (ಹರಡುವಿಕೆ) ಗುಣಾಂಕದ ನಾಲ್ಕರಷ್ಟರಿಂದ ಭಾಗಿಸಿದಷ್ಟು, ಅದಕ್ಕಿಂತ ಮೇಲೆ ಹೋಗುವಂತಿಲ್ಲ. 0.25 ಮೈಕ್ರಾನಿಗೆ ಇದು 0.00026 ಸೆಕೆಂಡ್. ಸೆಕೆಂಡಿಗೆ 1 ಡಿಗ್ರಿಯಂತೆ 850ರಿಂದ 650ಕ್ಕೆ ಇಳಿಸಲು 200 ಸೆಕೆಂಡ್ ಬೇಕು, ಅಂದರೆ ಏಳೂವರೆ ಲಕ್ಷಕ್ಕೂ ಮೇಲ್ಪಟ್ಟು ಸ್ಟೆಪ್. ಇಲ್ಲೊಂದು ತಮಾಷೆ ಗಮನಿಸಿ: ಫೆರೈಟಿನಲ್ಲಿರುವ ಕಾರ್ಬನ್ 0.02 ಶೇಕಡದಷ್ಟು ಮಾತ್ರ, ಬೆಳವಣಿಗೆಗೆ ಅದರ ಹಂಗು ಇಲ್ಲವೆಂದರೂ ಸರಿ, ಆದರೂ ಗಡಿಯಾರದ ಮುಳ್ಳು ಹಿಡಿದು ಕೂರುವುದು ಅದೇ. ಫೆರೈಟಿನ ಡಿಫ್ಯೂಶನ್ನನ್ನು ಬೇಕೆಂದೇ ಹತ್ತು ಪಟ್ಟು ಇಳಿಸಿ ಓಡಿಸಿ, ಫೆರೈಟ್ ಪ್ರಮಾಣದ ಕರ್ವ್ ಅಲುಗದಿದ್ದರೆ ಹಾಗೆಯೇ ಮುಂದುವರಿಯುವುದು ಅನುಭವಿಗಳ ಅಡ್ಡದಾರಿ. ಕೆಲಸ ಸುಮಾರು ಹತ್ತು ಪಟ್ಟು ಬೇಗ ಮುಗಿಯುತ್ತದೆ.

ಸೆಲ್ಲನ್ನು 0.1ಕ್ಕೆ ಇಳಿಸಿದರೆ ಸೆಲ್ಲುಗಳು 6.25 ಪಟ್ಟು, ಸ್ಟೆಪ್ಪುಗಳೂ 6.25 ಪಟ್ಟು, ಒಟ್ಟು 39 ಪಟ್ಟು. ಒಂದು ಗಂಟೆಯ ಓಟ ಒಂದೂವರೆ ದಿನಕ್ಕೆ ಹಿಗ್ಗುತ್ತದೆ. ಮೂರು ಆಯಾಮಕ್ಕೆ ಹಾರುವ ಮುನ್ನ ಇನ್ನೊಂದು ಲೆಕ್ಕ. 30 ಮೈಕ್ರಾನಿನ ಘನವನ್ನು 0.25ರ ಸೆಲ್ಲಿನಲ್ಲಿ ತುಂಬಿದರೆ 17 ಲಕ್ಷ ಸೆಲ್, ಆದರೆ 20 ಮೈಕ್ರಾನಿನ ಆಸ್ಟೆನೈಟ್ ಗ್ರೇನು ಅದರಲ್ಲಿ ಆರೇಳು ಮಾತ್ರ. ಅಷ್ಟರಿಂದ ಗ್ರೇನ್ ಸೈಜಿನ ಹಂಚಿಕೆ ಹೇಳುವುದು ಅನ್ನದ ನಾಲ್ಕು ಅಗುಳು ಮುಟ್ಟಿ ಮದುವೆಮನೆಯ ಅಡುಗೆ ತೂಗಿದಂತೆ. ಹೊರಗೋಡೆಯ ಷರತ್ತನ್ನು ಪೀರಿಯಾಡಿಕ್ (ಒಂದು ಗೋಡೆ ಎದುರಿನ ಗೋಡೆಗೆ ಸೇರಿದಂತೆ) ಇಡದೆ ಇನ್ಸುಲೇಶನ್ (ಗೋಡೆ ಮುಚ್ಚಿದಂತೆ) ಇಟ್ಟರಂತೂ ಗೋಡೆಗೆ ಒರಗಿದ ಗ್ರೇನುಗಳೇ ಬಹುಮತವಾಗಿಬಿಡುತ್ತವೆ.

ಹಾಗೆಂದು ಎರಡು ಆಯಾಮ ಸಾಕು ಎನ್ನುವಂತಿಲ್ಲ. ಫೆರೈಟ್ ಮೊದಲು ಹುಟ್ಟಲು ಇಷ್ಟಪಡುವುದು ನಾಲ್ಕು ಗ್ರೇನು ಕೂಡುವ ಮೂಲೆಯಲ್ಲಿ. ಎರಡು ಆಯಾಮದ ಚಿತ್ರದಲ್ಲಿ ಅಂಥ ಮೂಲೆಯೇ ಇಲ್ಲ, ಮೂರು ಗ್ರೇನು ಕೂಡುವ ಬಿಂದು ಮಾತ್ರ ಇದೆ, ಅದು ನಿಜದಲ್ಲಿ ಒಂದು ಗೆರೆ. ಮೈಕ್ರೋಗ್ರಾಫಿನಲ್ಲಿ ಕಾಣುವ ಎಷ್ಟೋ ಫೆರೈಟ್ ಗ್ರೇನುಗಳು ಆ ಸಮತಲದಲ್ಲಿ ಹುಟ್ಟಿದವೂ ಅಲ್ಲ, ಕೆಳಗಿನಿಂದ ಬೆಳೆದು ಬಂದವು. ಮೈಕ್ರೆಸ್ ಬಳಸಿಯೇ ಮಿಲಿಟ್ಜರ್, ಮೆಕೋಜಿ, ಸೀಟ್ಸ್‌ಮಾ ಮತ್ತು ವಾನ್ ಡರ್ ಜ್ವಾಗ್ 2006ರಲ್ಲಿ 0.10 ಶೇಕಡ ಕಾರ್ಬನ್, 0.49 ಶೇಕಡ ಮ್ಯಾಂಗನೀಸ್ ಇರುವ ಉಕ್ಕಿಗೆ ಮೂರು ಆಯಾಮದ ಲೆಕ್ಕ ಪ್ರಕಟಿಸಿದ್ದರು. ಈ ಕೆಲಸ ಕಲಿಯುವವರಿಗೆ ಅದೇ ಉಕ್ಕು ಒಳ್ಳೆಯ ಅಭ್ಯಾಸ. ಎರಡು ಆಯಾಮದಲ್ಲಿ ಸಂಖ್ಯೆಗಳನ್ನು ಪಳಗಿಸಿಕೊಂಡು, ಕೊನೆಯ ಒಂದೆರಡು ಓಟ ಮಾತ್ರ ಮೂರು ಆಯಾಮದಲ್ಲಿ ಮಾಡುವುದು ಖರ್ಚಿಗೂ ಹಿತ.

ಈಗ ನಿಜವಾದ ಜಗಳಕ್ಕೆ ಬರೋಣ, ನ್ಯೂಕ್ಲಿಯೇಶನ್. ಮೈಕ್ರೆಸ್‌ನಲ್ಲಿ ಇದಕ್ಕೆ ಸೀಡ್ ಎನ್ನುತ್ತಾರೆ, ಹೆಸರು ಸರಿಯಾಗಿಯೇ ಇದೆ, ಬಿತ್ತಿದ್ದೇ ಬೆಳೆ. ಎಲ್ಲಿ ಬಿತ್ತಬೇಕು (ಗ್ರೇನಿನ ಒಳಗೆ, ಅಂಚಿನಲ್ಲಿ, ಮೂರು ಗ್ರೇನು ಕೂಡುವಲ್ಲಿ), ಎಷ್ಟು ಅಂಡರ್‌ಕೂಲಿಂಗಿಗೆ (ಫೆರೈಟ್ ಹುಟ್ಟಬಹುದಾದ ತಾಪಮಾನಕ್ಕಿಂತ ಎಷ್ಟು ಡಿಗ್ರಿ ಕೆಳಗೆ) ಮೊಳೆಯಬೇಕು, ಒಂದರಿಂದ ಇನ್ನೊಂದು ಎಷ್ಟು ದೂರ ಇರಬೇಕು, ಗರಿಷ್ಠ ಎಷ್ಟು, ಎಷ್ಟು ಹೊತ್ತಿಗೊಮ್ಮೆ ನೋಡಬೇಕು, ಎಲ್ಲವನ್ನೂ ನೀವೇ ಬರೆಯಬೇಕು. ಇಷ್ಟು ಬರೆದ ಮೇಲೆ ಕೊನೆಯ ಫೆರೈಟ್ ಗ್ರೇನ್ ಸೈಜ್ ಬಹುಪಾಲು ನಿರ್ಧಾರವಾಗಿಬಿಟ್ಟಿರುತ್ತದೆ. 100 ಮೈಕ್ರಾನ್ ಚೌಕದಲ್ಲಿ 10 ಮೈಕ್ರಾನ್ ಸರಾಸರಿಯ ಫೆರೈಟ್ ಬೇಕಾದರೆ ಸುಮಾರು 130 ಸೀಡ್ ಬೇಕು, ಅದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ, ಕ್ಯಾಲ್ಕುಲೇಟರ್ ಸಾಕು. ಆದ್ದರಿಂದ ಯಾರಾದರೂ ತಮ್ಮ ಸಿಮ್ಯುಲೇಶನ್ ಗ್ರೇನ್ ಸೈಜನ್ನು ಮುಂಚೆಯೇ ಹೇಳಿತು ಎಂದರೆ, ಸೀಡ್ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿ.

ಹಾಗಾದರೆ ಉಪಯೋಗವೇನು? ಗ್ರೇನುಗಳ ದೊಡ್ಡದು ಚಿಕ್ಕದರ ಹಂಚಿಕೆ, ಪಟ್ಟೆಪಟ್ಟೆಯಾಗಿ ಬರುವ ರಚನೆ, ಉಳಿದ ಆಸ್ಟೆನೈಟಿನಲ್ಲಿ ಕಾರ್ಬನ್ ಎಲ್ಲಿ ಎಷ್ಟು ಎಂಬ ನಕ್ಷೆ, ಇವನ್ನು ಕೈಲೆಕ್ಕ ಕೊಡುವುದಿಲ್ಲ. ಎಲ್ಲ ಸೀಡುಗಳನ್ನೂ ಒಂದೇ ತಾಪಮಾನಕ್ಕೆ ಮೊಳೆಯಿಸಿದರೆ ಗ್ರೇನುಗಳೆಲ್ಲ ಒಂದೇ ಅಚ್ಚಿನಿಂದ ತೆಗೆದ ಇಡ್ಲಿಯಂತಿರುತ್ತವೆ. ನಿಜವಾದ ಉಕ್ಕು ಹಾಗಿರುವುದಿಲ್ಲ. ಎರಡು ಮೂರು ಬಗೆಯ ಸೀಡ್ ಇಡಿ. ಮೂರು ಗ್ರೇನು ಕೂಡುವಲ್ಲಿ ಕಡಿಮೆ ಅಂಡರ್‌ಕೂಲಿಂಗಿಗೆ ಮೊದಲ ಕಂತು, ಅಂಚಿನ ಉದ್ದಕ್ಕೂ ಇನ್ನೊಂದಿಷ್ಟು ಡಿಗ್ರಿ ಕೆಳಗೆ ಎರಡನೇ ಕಂತು. ಡೈಲಾಟೊಮೀಟರ್ ಕರ್ವ್ ಬಾಗತೊಡಗುವ ತಾಪಮಾನ ಮೊದಲ ಕಂತಿನ ಅಂಡರ್‌ಕೂಲಿಂಗನ್ನು ಕೊಡುತ್ತದೆ, ಮೈಕ್ರೋಗ್ರಾಫಿನಲ್ಲಿ ದೊಡ್ಡ ಮತ್ತು ಸಣ್ಣ ಗ್ರೇನುಗಳ ನಡುವಣ ಅಂತರ ಎರಡು ಕಂತುಗಳ ನಡುವಣ ಡಿಗ್ರಿಗಳನ್ನು ಕೊಡುತ್ತದೆ. ಮೊಬಿಲಿಟಿಯನ್ನು ಕೊನೆಯಲ್ಲಿ ಮುಟ್ಟಿ. ಸೀಡ್ ಮತ್ತು ಮೊಬಿಲಿಟಿ ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವ ಕರ್ವ್‌ಗೂ ಹೊಂದಿಸಬಹುದು, ಅದರಿಂದ ತಿಳಿಯುವುದು ಏನೂ ಇರುವುದಿಲ್ಲ.

ಹೊಸಬರು ಅತಿ ಹೆಚ್ಚು ಕೇಳುವ ಪ್ರಶ್ನೆ: ಸೀಡ್ ಬಿತ್ತಿತು ಎಂದು ಲಾಗ್ ಹೇಳುತ್ತದೆ, ಚಿತ್ರದಲ್ಲಿ ಫೆರೈಟೇ ಇಲ್ಲ. ಕಾರಣ ಬಾಗಿದ ಅಂಚಿನ ಒತ್ತಡ. 0.1 ಮೈಕ್ರಾನ್ ತ್ರಿಜ್ಯದ ಸೀಡಿಗೆ ಎರಡು ಆಯಾಮದಲ್ಲಿ ಈ ಒತ್ತಡ ಮೋಲಿಗೆ 35 ಜೂಲ್, ಮೂರು ಆಯಾಮದಲ್ಲಿ 70. ಹತ್ತು ಡಿಗ್ರಿ ಅಂಡರ್‌ಕೂಲಿಂಗಿಗೆ ಸಿಗುವ ಡ್ರೈವಿಂಗ್ ಫೋರ್ಸ್ ಹತ್ತಿಪ್ಪತ್ತು ಜೂಲ್. ಹುಟ್ಟಿದ ಸೀಡ್ ಮರುಕ್ಷಣ ಕರಗುತ್ತದೆ, ಮತ್ತೆ ಹುಟ್ಟುತ್ತದೆ, ಮತ್ತೆ ಕರಗುತ್ತದೆ, ಲಾಗಿನಲ್ಲಿ ಸಂಖ್ಯೆ ಮಾತ್ರ ಏರುತ್ತಾ ಹೋಗುತ್ತದೆ. ಇದಕ್ಕೆ ಮದ್ದು ಎರಡು. ಸೆಲ್ಲಿಗಿಂತ ಸಣ್ಣ ಗ್ರೇನಿನ ಬಾಗುವಿಕೆಯನ್ನು ಸೂತ್ರದಿಂದ ಲೆಕ್ಕ ಹಾಕುವ ಆಯ್ಕೆ ಒಂದು, ಅದು ಒಂದಷ್ಟು ದೊಡ್ಡದಾಗುವ ತನಕ ಬಾಗುವಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕಾಪಾಡುವ ಸ್ಟೆಬಿಲೈಸೇಶನ್ ಇನ್ನೊಂದು. ಅಂಡರ್‌ಕೂಲಿಂಗನ್ನು ನೀವೇ ಕೊಡುತ್ತಿರುವಾಗ ಎರಡನೆಯದೇ ಸರಿ, ಹುಟ್ಟಿನ ಅಡ್ಡಿಯನ್ನು ಎರಡು ಸಲ ಎಣಿಸಬಾರದು.

ಮ್ಯಾಂಗನೀಸ್ ವಿಷಯಕ್ಕೆ ಮೈಕ್ರೆಸ್‌ನಲ್ಲಿ ಒಂದೇ ಪದದ ಆಯ್ಕೆ ಇದೆ, ಆ ಪದದ ಮೇಲೆ ಇಡೀ ಫಲಿತಾಂಶ ನಿಂತಿದೆ. 700 ಡಿಗ್ರಿಯಲ್ಲಿ ಆಸ್ಟೆನೈಟಿನ ಮ್ಯಾಂಗನೀಸ್ ಹರಡುವುದು ಸುಮಾರು 1.4 × 10⁻¹⁹ ಚದರ ಮೀಟರ್ ಪ್ರತಿ ಸೆಕೆಂಡಿಗೆ, ಕಾರ್ಬನ್‌ಗಿಂತ ಹತ್ತು ಲಕ್ಷ ಪಟ್ಟಿಗೂ ನಿಧಾನ. ಅಂಚು ಸೆಕೆಂಡಿಗೆ 0.1 ಮೈಕ್ರಾನ್ ಓಡುತ್ತಿದ್ದರೆ ಅದರ ಮುಂದೆ ಮ್ಯಾಂಗನೀಸ್ ಗುಡ್ಡೆಯಾಗುವ ಅಗಲ 0.0014 ನ್ಯಾನೋಮೀಟರ್. ಪರಮಾಣುಗಳ ನಡುವಣ ಅಂತರದ ನೂರನೇ ಒಂದು ಭಾಗವೂ ಅಲ್ಲ. ಅಂಥ ಗುಡ್ಡೆಗೆ ಭೌತಿಕ ಅರ್ಥವೇ ಇಲ್ಲ. ಮ್ಯಾಂಗನೀಸಿಗೆ ‘ನಾರ್ಮಲ್’ ಎಂದು ಬಿಟ್ಟರೆ ಪ್ರೋಗ್ರಾಂ ಆ ಗುಡ್ಡೆಯನ್ನು 0.25 ಮೈಕ್ರಾನ್ ಸೆಲ್ಲಿನ ಅಗಲಕ್ಕೆ ಹರವಬೇಕಾಗುತ್ತದೆ. ಇಲ್ಲದ ಮ್ಯಾಂಗನೀಸ್ ಅಂಚಿಗೆ ಅಡ್ಡ ನಿಂತು ಫೆರೈಟ್ ಅರ್ಧಕ್ಕೇ ನಿಲ್ಲುತ್ತದೆ. ನೋಡಿದವರಿಗೆ ಇದು ನಿಜವಾದ ಸೊಲ್ಯೂಟ್ ಡ್ರ್ಯಾಗ್ (ಬೆರೆತ ಪರಮಾಣುಗಳು ಅಂಚನ್ನು ಹಿಂದಕ್ಕೆ ಎಳೆಯುವುದು) ಅನ್ನಿಸುವುದೇ ಅಪಾಯ.

ಸರಿಯಾದ ಆಯ್ಕೆಗಳು ‘ಪಾರಾ’ ಮತ್ತು ‘ಎನ್‌ಪಿಎಲ್‌ಇ’. ಪಾರಾ ಎಂದರೆ ಮ್ಯಾಂಗನೀಸ್ ಅಲುಗುವುದೇ ಇಲ್ಲ, ಕಬ್ಬಿಣದ ಜೊತೆ ಅದೇ ಅನುಪಾತದಲ್ಲಿ ಫೆರೈಟಿಗೆ ದಾಟುತ್ತದೆ, ಸಮತೋಲ ಕಾರ್ಬನ್‌ಗೆ ಮಾತ್ರ. ಎನ್‌ಪಿಎಲ್‌ಇ ಎಂದರೆ ಅಂಚಿನಲ್ಲಿ ಮ್ಯಾಂಗನೀಸಿಗೂ ಸಮತೋಲ ಉಂಟು, ಆದರೆ ಒಳಗೆ ಹಂಚಿಕೆಯಾಗುವುದಿಲ್ಲ. ಗುಡ್ಡೆಯ ಪರಿಣಾಮವನ್ನು ಗ್ರಿಡ್ಡಿನ ಮೇಲೆ ಹೊರಿಸದೆ ಲೆಕ್ಕದೊಳಗೆ ಸೇರಿಸುತ್ತಾರೆ. ಮ್ಯಾಂಗನೀಸ್ 0.5 ಶೇಕಡ ಇರುವ ಉಕ್ಕಿನಲ್ಲಿ ಎರಡರ ನಡುವಣ ವ್ಯತ್ಯಾಸವನ್ನು ಮೊಬಿಲಿಟಿ ನುಂಗಿಹಾಕಬಹುದು, ಡ್ಯುಯಲ್-ಫೇಸ್ (ಮೆದು ಫೆರೈಟ್, ಗಡಸು ಮಾರ್ಟೆನ್ಸೈಟ್ ಬೆರೆತ) ಹಾಳೆಗಳಂತೆ 1.5ರಿಂದ 2 ಶೇಕಡ ಇದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪಾರಾದಲ್ಲಿ ಡ್ರೈವಿಂಗ್ ಫೋರ್ಸ್ ಹೆಚ್ಚು, ಆದ್ದರಿಂದ ಅದೇ ಕರ್ವ್‌ಗೆ ಹೊಂದಿಸಲು ಮೊಬಿಲಿಟಿ ತಗ್ಗಿಸಬೇಕಾಗುತ್ತದೆ. ಒಬ್ಬರು ಪಾರಾ ಹಾಕಿ ಪಡೆದ ಮೊಬಿಲಿಟಿಯನ್ನು ಇನ್ನೊಬ್ಬರು ಎನ್‌ಪಿಎಲ್‌ಇ ಲೆಕ್ಕಕ್ಕೆ ಎರವಲು ತರುವುದು ಈ ಕ್ಷೇತ್ರದ ಮಾಮೂಲಿ ತಪ್ಪು. ಲೇಖನದಿಂದ ಸಂಖ್ಯೆ ಎತ್ತಿಕೊಳ್ಳುವಾಗ ಪಕ್ಕದಲ್ಲಿ ಯಾವ ಷರತ್ತು ಬರೆದಿದ್ದಾರೆ ಎಂಬುದನ್ನೂ ಎತ್ತಿಕೊಳ್ಳಿ.

ಡಿಫ್ಯೂಶನ್ ಮಾತ್ರವೇ ಬೆಳವಣಿಗೆಯನ್ನು ಹಿಡಿದಿಟ್ಟಿದೆ ಎಂದು ನಂಬುವವರಿಗೆ ಮೊಬಿಲಿಟಿಯನ್ನು ತಾನೇ ತಿದ್ದಿಕೊಳ್ಳುವ ಆಯ್ಕೆಯೊಂದಿದೆ. ಹಿಗ್ಗಿಸಿದ ಅಂಚಿನಿಂದಾಗುವ ದೋಷವನ್ನು ಅದು ಸರಿದೂಗಿಸುತ್ತದೆ, ಗ್ರಿಡ್ ಬದಲಿಸಿದಾಗ ಉತ್ತರ ಬದಲಾಗದಂತೆ ನೋಡಿಕೊಳ್ಳುತ್ತದೆ. ಅದನ್ನು ಹಾಕಿದ ಮೇಲೆ ನಿಮ್ಮ ಮೊಬಿಲಿಟಿ ಸಂಖ್ಯೆಗೆ ಬೆಲೆ ಕಡಿಮೆ. ಮ್ಯಾಂಗನೀಸಿನ ಎಳೆತವನ್ನು ಮೊಬಿಲಿಟಿಯಲ್ಲಿ ಅಡಗಿಸಿಟ್ಟಿದ್ದವರು ಅದನ್ನು ಕಳೆದುಕೊಳ್ಳುತ್ತಾರೆ.

ಥರ್ಮೊಡೈನಾಮಿಕ್ಸ್ ಕೊಂಡಿಯನ್ನು ಹೊಗಳಲೇಬೇಕು. ಪ್ರತಿ ಸ್ಟೆಪ್ಪಿನಲ್ಲಿ ಪ್ರತಿ ಸೆಲ್ಲಿಗೆ ಪೂರ್ತಿ ಸಮತೋಲ ಲೆಕ್ಕ ಹಾಕುತ್ತಾ ಕೂತರೆ ಯುಗ ಕಳೆಯುತ್ತದೆ. ಮೈಕ್ರೆಸ್ ಒಮ್ಮೆ ಲೆಕ್ಕ ಹಾಕಿ, ಅದರ ಸುತ್ತ ನೇರ ಗೆರೆ ಎಳೆದು, ನೀವು ಹೇಳಿದ ಅವಧಿಗೊಮ್ಮೆ ಮಾತ್ರ ಹೊಸದಾಗಿ ಲೆಕ್ಕ ಹಾಕುತ್ತದೆ. ಸೆಕೆಂಡಿಗೆ 1 ಡಿಗ್ರಿ ತಣಿಸುವಾಗ ಸೆಕೆಂಡಿಗೊಮ್ಮೆ ಸಾಕು, 30 ಡಿಗ್ರಿ ತಣಿಸುವಾಗ ಅದೇ ಅವಧಿ ಇಟ್ಟರೆ ಗೆರೆ ಹಳಸುತ್ತದೆ, ಡ್ರೈವಿಂಗ್ ಫೋರ್ಸ್ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ. ಮೊದಲ ಸಮತೋಲ ಲೆಕ್ಕಕ್ಕೆಂದು ಒಂದು ತಾಪಮಾನ ಕೇಳುತ್ತದಲ್ಲ, ಅಲ್ಲಿ ಬಹಳ ಮಂದಿ ಓಟ ಶುರುವಾಗುವ ತಾಪಮಾನವನ್ನೇ ಬರೆಯುತ್ತಾರೆ. 900 ಡಿಗ್ರಿಯಲ್ಲಿ, ಮೇಲೆ ಹೇಳಿದ 0.10 ಶೇಕಡ ಕಾರ್ಬನ್ ಉಕ್ಕಿನಲ್ಲಿ ಫೆರೈಟ್ ಇರುವುದೇ ಇಲ್ಲ, ಲೆಕ್ಕ ಸೋತು ಪ್ರೋಗ್ರಾಂ ನಿಲ್ಲುತ್ತದೆ. ಎರಡೂ ಫೇಸ್ ಒಟ್ಟಿಗಿರುವ 780 ಅಥವಾ 800 ಬರೆಯಿರಿ.

ಓಟ ಮುಗಿದ ಮೇಲೆ ಚಿತ್ರ ನೋಡುವ ಮೊದಲು ಟೇಬಲ್ ಫೈಲಿನ ಫೇಸ್ ಪ್ರಮಾಣ ನೋಡಿ. 80 ಶೇಕಡ ಫೆರೈಟ್ ಆಗಿದ್ದರೆ, ಫೆರೈಟಿನಲ್ಲಿ 0.02 ಶೇಕಡ ಕಾರ್ಬನ್ ಕಳೆದು, ಉಳಿದ ಆಸ್ಟೆನೈಟಿನ ಸರಾಸರಿ ಕಾರ್ಬನ್ 0.42 ಶೇಕಡ ಇರಬೇಕು. ಲಾಗಿನ ಸರಾಸರಿ ಕಾರ್ಬನ್ 0.10 ಬಿಟ್ಟು ಅಲುಗಿದ್ದರೆ ಉಳಿದ ಯಾವ ಚಿತ್ರವನ್ನೂ ನಂಬಬೇಡಿ. ಪಕ್ಕದಲ್ಲಿ ಡೈಲಾಟೊಮೀಟರ್ ಕರ್ವ್ ಇಟ್ಟು ಹೋಲಿಸುವಾಗಲೂ ಎಚ್ಚರ: ಲಿವರ್ ರೂಲ್ (ಕರ್ವಿನ ಎರಡು ನೇರ ಗೆರೆಗಳ ನಡುವಣ ಅಂತರದ ಲೆಕ್ಕ) ಹಾಕಿ ತೆಗೆದ ಪ್ರಮಾಣ ಕಾರ್ಬನ್ ಸೇರಿ ಹಿಗ್ಗಿದ ಆಸ್ಟೆನೈಟನ್ನು ಲೆಕ್ಕಿಸುವುದಿಲ್ಲ. ಎರಡು ಮೂರು ಶೇಕಡ ವ್ಯತ್ಯಾಸಕ್ಕೆ ಸಿಮ್ಯುಲೇಶನನ್ನು ಹಿಂಡಿ ಹಿಪ್ಪೆ ಮಾಡುವುದು ಬೇಡ.

ಪರ್ಲೈಟ್ (ಫೆರೈಟ್ ಮತ್ತು ಕಬ್ಬಿಣದ ಕಾರ್ಬೈಡ್ ಪದರ ಪದರವಾಗಿ ಕೂಡಿದ್ದು) ಬೇಕೆಂದರೆ ಕಷ್ಟ. ಅದರ ಪದರಗಳ ಅಂತರ 0.1ರಿಂದ 0.3 ಮೈಕ್ರಾನ್, ನಿಮ್ಮ ಒಂದು ಸೆಲ್ಲಿನಷ್ಟು. ಪದರ ಕಾಣಬೇಕಾದರೆ 0.01 ಮೈಕ್ರಾನಿನ ಸೆಲ್ ಬೇಕು, ಆಗ ಒಂದೆರಡು ಮೈಕ್ರಾನ್ ಚೌಕವಷ್ಟೇ ಕೈಗೆಟಕುತ್ತದೆ. ಗ್ರೇನುಗಳ ಮಟ್ಟದ ಲೆಕ್ಕದಲ್ಲಿ ಪರ್ಲೈಟನ್ನು ಸರಾಸರಿ ಗುಣದ ಒಂದೇ ಫೇಸ್ ಎಂದು ಕೂಡಿಸುವುದೇ ರೂಢಿ. ಬೇಗ ತಣಿಸಿದಾಗ ಬರುವ ಬೈನೈಟ್, ಮಾರ್ಟೆನ್ಸೈಟ್ ಬೇಕಾದವರು ಇಲ್ಲಿಗೆ ಬರಬೇಡಿ. ಮೈಕ್ರೆಸ್‌ನ ಅಂಚು ಪರಮಾಣುಗಳು ಒಂದೊಂದಾಗಿ ದಾಟುವ ಅಂಚು, ಲ್ಯಾಟಿಸ್ ಕತ್ತರಿಸಿದಂತೆ ಜಾರಿ ಬದಲಾಗುವುದು ಅದಕ್ಕೆ ಬರದ ಪಾಠ. ಆದರೂ ಮಾರ್ಟೆನ್ಸೈಟಿನ ಅಂದಾಜು ಹೊರಗಿನಿಂದ ತೆಗೆಯಬಹುದು. ಉಳಿದ ಆಸ್ಟೆನೈಟಿನ 0.42 ಶೇಕಡ ಕಾರ್ಬನ್, 0.49 ಶೇಕಡ ಮ್ಯಾಂಗನೀಸನ್ನು ಆಂಡ್ರ್ಯೂಸ್ ಸೂತ್ರಕ್ಕೆ ಹಾಕಿದರೆ ಎಂ-ಎಸ್ ತಾಪಮಾನ (ಮಾರ್ಟೆನ್ಸೈಟ್ ಶುರುವಾಗುವ ಬಿಂದು) 346 ಡಿಗ್ರಿ ಬರುತ್ತದೆ. ಕೊಯ್‌ಸ್ಟಿನೆನ್-ಮಾರ್‌ಬರ್ಗರ್ ಸಮೀಕರಣದ ಪ್ರಕಾರ ಕೋಣೆಯ ತಾಪಮಾನಕ್ಕೆ ಅದರ 97 ಶೇಕಡ ಮಾರ್ಟೆನ್ಸೈಟ್. ಇದನ್ನೇ ಸೆಲ್ ಸೆಲ್ಲಿಗೂ ಮಾಡಿದರೆ, ಫೆರೈಟ್ ಪಕ್ಕದ ಕಾರ್ಬನ್ ಹೆಚ್ಚಿರುವ ಅಂಚುಗಳಲ್ಲಿ ಆಸ್ಟೆನೈಟ್ ಉಳಿಯುವ ಜಾಗ ನಕ್ಷೆಯಲ್ಲಿ ಕಾಣುತ್ತದೆ. ಈ ಒಂದು ನಕ್ಷೆಗಾಗಿಯೇ ಡ್ಯುಯಲ್-ಫೇಸ್ ಉಕ್ಕಿನವರು ಮೈಕ್ರೆಸ್ ಓಡಿಸಬಹುದು.

ಯಾರಿಗೆ ಬೇಕು? ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನಲ್ಲಿ ಇಎನ್-19, ಇಎನ್-24 ದರ್ಜೆಯ ಉಕ್ಕಿನ ಶಾಫ್ಟುಗಳನ್ನು ಎಣ್ಣೆಗೆ ಬಿಡುವವರಿಗೆ ಬೇಡ. ಅವರಿಗೆ ಬೇಕಾದದ್ದು ಒಂದು ಸಿಸಿಟಿ ಚಿತ್ರ (ಎಷ್ಟು ಬೇಗ ತಣಿಸಿದರೆ ಏನು ಹುಟ್ಟುತ್ತದೆ ಎಂಬ ನಕ್ಷೆ), ಅದನ್ನು ಜೆಮ್ಯಾಟ್‌ಪ್ರೊದಂಥ ಸಾಫ್ಟ್‌ವೇರ್ ನಿಮಿಷದಲ್ಲಿ ಕೊಡುತ್ತದೆ, ಹ್ಯಾಂಡ್‌ಬುಕ್ಕೂ ಕೊಡುತ್ತದೆ. ಕಾರ್ಬನ್ ಒಂದೇ ದಿಕ್ಕಿನಲ್ಲಿ ಹರಿಯುವ ಪ್ರಶ್ನೆಗೆ, ಉದಾಹರಣೆಗೆ ಕಾರ್ಬುರೈಸಿಂಗ್ ಆಳಕ್ಕೆ, ಡಿಫ್ಯೂಶನ್ ಲೆಕ್ಕದ ಸಾಫ್ಟ್‌ವೇರ್ ಡಿಕ್ಟ್ರಾ ಸಾಕು. ತೋರಣಗಲ್ಲಿನಂಥ ಹಾಳೆ ಉಕ್ಕಿನ ಕಾರ್ಖಾನೆಯ ಸಂಶೋಧನಾ ವಿಭಾಗ, ಸುರತ್ಕಲ್ ಅಥವಾ ಬೆಂಗಳೂರಿನ ಮೆಟಲರ್ಜಿ ವಿಭಾಗದ ಪಿಎಚ್‌ಡಿ ವಿದ್ಯಾರ್ಥಿ, ಇಂಥವರಿಗೆ ಸರಿಯಾದ ಉಪಕರಣ. ವಿದ್ಯಾರ್ಥಿಯ ಕೈಯಲ್ಲಿ ಹಣ ಇಲ್ಲದಿದ್ದರೆ ಓಪನ್ ಸೋರ್ಸ್ ದಾರಿಗಳಿವೆ, ಬೋಖುಮ್‌ನ ಓಪನ್‌ಫೇಸ್, ಅಮೆರಿಕದ ಮೂಸ್ ಮತ್ತು ಪ್ರಿಸ್ಮ್ಸ್-ಪಿಎಫ್. ಅವುಗಳಲ್ಲಿ ಸಿ ಪ್ಲಸ್ ಪ್ಲಸ್ ಬರೆಯುವ ಧೈರ್ಯ ಬೇಕು, ಎನ್‌ಪಿಎಲ್‌ಇಯಂಥ ಸಿದ್ಧ ಆಯ್ಕೆಗಳನ್ನು ಬಹುಪಾಲು ತಾವೇ ಕಟ್ಟಿಕೊಳ್ಳಬೇಕು. ಮೈಕ್ರೆಸ್‌ಗೆ ಕೊಡುವ ಹಣದಲ್ಲಿ ಅರ್ಧ ಈ ಸಿದ್ಧ ಆಯ್ಕೆಗಳಿಗೇ ಹೋಗುತ್ತದೆ ಎಂದುಕೊಂಡರೂ ತಪ್ಪಿಲ್ಲ.

ಕೊಳ್ಳುವ ಮುನ್ನ ಕೊಟೇಶನ್ನಿನಲ್ಲಿ ಮೂರು ಸಾಲು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಮೈಕ್ರೆಸ್ ಲೈಸೆನ್ಸ್ ಒಂದು. ಥರ್ಮೊ-ಕ್ಯಾಲ್ಕ್ ಮತ್ತು ಅದನ್ನು ಬೇರೆ ಪ್ರೋಗ್ರಾಮಿಗೆ ಜೋಡಿಸುವ ಟಿಕ್ಯೂ ಕೊಂಡಿ ಇನ್ನೊಂದು. ಉಕ್ಕಿನ ಡೇಟಾಬೇಸ್ ಟಿಸಿಎಫ್‌ಇ, ಪರಮಾಣುಗಳ ಹರಿದಾಟದ (ಅಂಚಿನದಲ್ಲ) ಮೊಬಿಲಿಟಿ ಡೇಟಾಬೇಸ್ ಎಂಒಬಿಎಫ್‌ಇ ಮೂರನೆಯದು. ಮೊದಲಿನದನ್ನು ಮಾತ್ರ ತಂದರೆ ಫೇಸ್ ಡಯಾಗ್ರಂ ಅನ್ನು ನೇರ ಗೆರೆಗಳಾಗಿ ಕೈಯಲ್ಲಿ ಬರೆದುಕೊಡುವ ಆಯ್ಕೆಯಷ್ಟೇ ಉಳಿಯುತ್ತದೆ. ಬರೀ ಕಾರ್ಬನ್-ಮ್ಯಾಂಗನೀಸ್ ಉಕ್ಕಿಗೆ ಅದೂ ನಡೆಯುತ್ತದೆ, ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಮೇಲೆ ನಡೆಯುವುದಿಲ್ಲ. ಥರ್ಮೊ-ಕ್ಯಾಲ್ಕ್‌ನಲ್ಲಿ ತಯಾರಿಸುವ ಜಿಇಎಸ್ ಫೈಲಿನ (ಆ ಉಕ್ಕಿನ ಥರ್ಮೊಡೈನಾಮಿಕ್ಸ್ ಮಾಹಿತಿ ತುಂಬಿದ್ದು) ಆವೃತ್ತಿ ಮತ್ತು ಮೈಕ್ರೆಸ್ ಒಳಗಿನ ಟಿಕ್ಯೂ ಆವೃತ್ತಿ ಒಂದಕ್ಕೊಂದು ಹೊಂದುತ್ತವೆಯೇ ಎಂದು ಲಿಖಿತವಾಗಿ ಕೇಳಿ. ಹೊಂದದಿದ್ದರೆ ಪ್ರೋಗ್ರಾಂ ಮೊದಲ ಸ್ಟೆಪ್ಪಿಗೂ ಮುಂಚೆ, ಫೈಲ್ ಓದುವಾಗಲೇ ನಿಲ್ಲುತ್ತದೆ, ಡ್ರೈವಿಂಗ್ ಫೈಲಿನಲ್ಲಿ ತಪ್ಪು ಹುಡುಕುತ್ತಾ ವಾರ ಕಳೆದುಹೋಗುತ್ತದೆ.